ಅತ್ತೆಯ ಸ್ಕೋಪು, ಮಾವನ ಮಫ್ಲರು

2018ರ ಅಕ್ಟೋಬರ್ 14, ಭಾನುವಾರ, ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ನನ್ನ ಅತ್ತೆಯ ಬಂದೂಕಿನ ಸ್ಕೋಪಿನೊಳಗೆ, ಅಂದರೆ ಗುರಿ ನೋಡುವ ದುರ್ಬೀನಿನೊಳಗೆ, ಗುರಿಗೆರೆ ಕಳಚಿ ಓರೆಯಾಯಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅತ್ತೆ ಕೈಗಡಿಯಾರ ರಿಪೇರಿಯವರು. ಅವರ ಮುಂದೆ ಏನೇ ನಡೆದರೂ ಮೊದಲು ಗಡಿಯಾರ ನೋಡುತ್ತಾರೆ, ಬೇಸರವೋ ಸಂತೋಷವೋ ಆಮೇಲಿನ ಮಾತು.

"ಒಂಬತ್ತು ಇಪ್ಪತ್ತು," ಅಂದರು. ಸ್ವಲ್ಪ ತಡೆದು, "ಹೋಯ್ತು," ಅಂದರು.

ನನ್ನ ಹೆಂಡತಿಯ ತಾಯಿ ಅವರು, ವಯಸ್ಸು ಅರವತ್ತಮೂರು. ವಾರದ ಆರು ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಂಗಡಿಯಲ್ಲಿ ಕೂರುತ್ತಾರೆ. ಏಳನೆಯ ದಿನ ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ಏರ್‌ಗನ್ ಹಿಡಿದು ತಗಡಿನ ಕಾಗೆಗಳನ್ನು ಉರುಳಿಸುತ್ತಾರೆ. ಕಾಗೆಯ ಎದೆಯಲ್ಲಿ ಒಂದು ತೂತು. ದೊಡ್ಡದೆಂದರೆ ನಾಲ್ಕು ಸೆಂಟಿಮೀಟರ್ ಅಗಲ. ಸೀಸದ ಗುಂಡು ತೂತಿನೊಳಗೆ ಹೋದರೆ ಕಾಗೆ ಹಿಂದಕ್ಕೆ ಮಗುಚುತ್ತದೆ. ತೂತು ತಪ್ಪಿ ತಗಡಿಗೆ ಬಡಿದರೆ ಮೈಮೇಲೊಂದು ಬೂದು ಚುಕ್ಕೆ ಹೊತ್ತು ಏನೂ ಆಗದವರಂತೆ ನಿಂತೇ ಇರುತ್ತದೆ. ಕಾಗೆ ಎಷ್ಟು ದೂರದಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಎಂಟು ಮೀಟರೋ ಐವತ್ತೋ, ಹೊಡೆಯುವವರೇ ಕಂಡುಕೊಳ್ಳಬೇಕು. ಅದಕ್ಕೆ ಸ್ಕೋಪಿನ ಪಕ್ಕದಲ್ಲಿ ಒಂದು ಚಕ್ರವಿದೆ. ತಿರುಗಿಸುತ್ತ ಹೋದರೆ ಮಸುಕಾದ ಕಾಗೆ ಒಂದು ಕಡೆ ಸ್ಪಷ್ಟವಾಗುತ್ತದೆ. ಆಗ ಚಕ್ರದ ಅಂಚಿಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಯಾವ ಅಂಕಿ ಬಂದಿದೆಯೋ ಅದೇ ದೂರ. ದೂರ ಹೋದಷ್ಟೂ ಗುಂಡು ಕೆಳಗಿಳಿಯುವುದರಿಂದ, ಆ ದೂರಕ್ಕೆ ತಕ್ಕಷ್ಟು ಸ್ಕೋಪಿನ ಮೇಲಿನ ತಿರುಪನ್ನು ತಿರುವಿ, ಉಸಿರು ಹಿಡಿದು, ಹೊಡೆಯುವುದು.

ಗೆರೆ ಕಳಚಿದ್ದಕ್ಕೆ ಕಾರಣ ಅತ್ತೆಯ ಬಂದೂಕೇ. ಮದ್ದಿನ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಕೋಪು ಮಾಡುವವರು ಆ ಒದೆತವನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಸ್ಪ್ರಿಂಗಿನ ಏರ್‌ಗನ್ ಹಾಗಲ್ಲ, ಮೊದಲು ಹಿಂದಕ್ಕೆ ಸರಿದು ಮರುಕ್ಷಣ ಮುಂದಕ್ಕೆ ಜಗ್ಗುತ್ತದೆ. ಆ ಎರಡನೆಯ ಜಗ್ಗಾಟಕ್ಕೆ ಒಳಗಿನ ಗಾಜು, ಗೆರೆ ಎಲ್ಲ ಸಡಿಲವಾಗುತ್ತವೆ. ನಾನು ಇದನ್ನು ಒಂದು ಚೀಟಿಯ ಹಿಂದೆ ಬಾಣದ ಗುರುತು ಹಾಕಿ ಅತ್ತೆಗೆ ವಿವರಿಸಿದೆ.

"ಗೊತ್ತಾಯ್ತು ಬಿಡಿ," ಅಂದರು ಅತ್ತೆ. "ನಿಮ್ಮ ಮಾವನ ಥರ. ಏನಾದ್ರೂ ಕೆಲಸ ಹೇಳಿದ್ರೆ ಮೊದಲು ಹಿಂದೆ ಸರೀತಾರೆ. ಮುಗೀತು ಅಂದ್ಕೊಳ್ಳೋ ಹೊತ್ತಿಗೆ ಮುಂದೆ ನುಗ್ಗಿ ಏನಾದ್ರೂ ಒಡೀತಾರೆ."

ಮಾವ ಪಕ್ಕದಲ್ಲೇ ಇದ್ದರು. ಬಸ್ಸುಗಳ ವೇಳಾಪಟ್ಟಿ ಬರೆಯುವ ಕೆಲಸದಿಂದ ನಿವೃತ್ತರಾದವರು. "ನಲವತ್ತು ವರ್ಷದಲ್ಲಿ ಒಡೆದಿದ್ದು ಮೂರೇ ಲೋಟ," ಅಂದರು.

"ನಾಲ್ಕು."

"ನಾಲ್ಕನೇದು ಮೊದಲೇ ಬಿರುಕು ಬಿಟ್ಟಿತ್ತು."

ತಮಾಷೆ ಏನೇ ಇರಲಿ, ಅತ್ತೆಗೆ ಒಳಗೊಳಗೇ ಆತಂಕವಿತ್ತು. ನಮ್ಮ ಕ್ಲಬ್ಬಿನಲ್ಲಿ ಎರಡು ದರ್ಜೆ. ನವೆಂಬರಿನ ಕೊನೆಯ ಭಾನುವಾರ ವರ್ಷದ ಕೊನೆಯ ಸ್ಪರ್ಧೆ, ನಲವತ್ತು ಕಾಗೆ. ಒಂದನೇ ದರ್ಜೆಯವರು ಮೂವತ್ತಕ್ಕಿಂತ ಕಡಿಮೆ ಉರುಳಿಸಿದರೆ ಮುಂದಿನ ಇಡೀ ವರ್ಷ ಎರಡನೇ ದರ್ಜೆಯಲ್ಲಿ ಹೊಡೆಯಬೇಕು. ಅತ್ತೆ ಹತ್ತೊಂಬತ್ತು ವರ್ಷದಿಂದ ಒಂದನೇ ದರ್ಜೆ. ಮಾವ ಹನ್ನೊಂದು ವರ್ಷದಿಂದ ಎರಡನೇ ದರ್ಜೆ, ಅದೂ ಯಾವ ಕೊರಗೂ ಇಲ್ಲದೆ.

"ಇಳಿದು ಬಾರೇ," ಅಂದರು ಮಾವ. "ನಮ್ಮ ಕಡೆ ನಗು ಜಾಸ್ತಿ. ಕೂರೋಕೆ ಒಂದು ದಿಂಬು ಹೆಚ್ಚಿಗೆ ತಂದಿಡ್ತೀನಿ."

ಅತ್ತೆ ಉತ್ತರ ಕೊಡಲಿಲ್ಲ. ಮಾತಿಗೆ ಮಾತು ತಿರುಗಿಸದೆ ಇರುವ ಹೆಂಗಸಲ್ಲ ಅವರು. ಆಗಲೇ ನನಗೆ ಗೊತ್ತಾಯಿತು, ಇದು ಅವರಿಗೆ ಆಟದ ಮಾತಲ್ಲ ಎಂದು.

ಬಂದೂಕು ರಿಪೇರಿಯವರು ಎರಡು ಸ್ಕೋಪು ಕೊಟ್ಟರು. ಸ್ಪರ್ಧೆ ಮುಗಿಯುವವರೆಗೆ ಎರಡನ್ನೂ ಇಟ್ಟುಕೊಂಡು ನೋಡಿ, ಬೇಡವಾದ್ದನ್ನು ವಾಪಸ್ ಕೊಡಿ ಎಂದರು. ಒಂದು ಗಾತ್ರದಲ್ಲೂ ಗತ್ತಿನಲ್ಲೂ ದೊಡ್ಡದು: ಒಂಬೈನೂರು ಗ್ರಾಂ ತೂಕ, ಐವತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಪಕ್ಕದ ಚಕ್ರ ಸಾಸರಿನಷ್ಟು ಅಗಲ. ಇನ್ನೊಂದು ಅದರ ಅರ್ಧ ತೂಕದ್ದು, ಹದಿನಾರು ಪಟ್ಟು. ಮನೆಗೆ ತಂದ ಸಂಜೆಯೇ ನನ್ನ ಹೆಂಡತಿ ಅವೆರಡಕ್ಕೂ ನಾಮಕರಣ ಮಾಡಿಬಿಟ್ಟಳು. ದೊಡ್ಡದು ಒನಕೆ, ಚಿಕ್ಕದು ಲಟ್ಟಣಿಗೆ.

ಹೋಲಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ ನಾನೇ ಎಳೆದುಕೊಂಡೆ ಅನ್ನುವುದು ಸರಿ. ನಾನು ಓದಿದ್ದು ಭೌತಶಾಸ್ತ್ರ, ಕೆಲಸ ಥರ್ಮಾಮೀಟರ್ ಕಾರ್ಖಾನೆಯಲ್ಲಿ. ತಯಾರಾದ ಥರ್ಮಾಮೀಟರು ಎಷ್ಟು ತಪ್ಪು ತೋರಿಸುತ್ತದೆ ಎಂದು ಅಳೆದು ಬರೆಯುವುದು ನನ್ನ ಉದ್ಯೋಗ. ಅಳೆಯದೆ ಯಾರಾದರೂ ಅಭಿಪ್ರಾಯ ಹೇಳಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

"ಅಳಿಯಂದ್ರೇ, ಸುಮ್ನೆ ಎರಡರಲ್ಲೂ ನೋಡಿ ಯಾವುದು ಚೆನ್ನಾಗಿದೆ ಹೇಳ್ಬಿಡಿ," ಅಂದರು ಅತ್ತೆ.

"ಹಾಗೆಲ್ಲ ಹೇಳೋಕಾಗಲ್ಲ ಅತ್ತೆ. ಚೆನ್ನಾಗಿದೆ ಅನ್ನೋದಕ್ಕೆ ಅಳತೆ ಇಲ್ಲ."

"ನಿಮಗೆ ನನ್ನ ಮಗಳನ್ನ ತೋರಿಸಿದಾಗ ಹತ್ತು ನಿಮಿಷದಲ್ಲಿ ಹೇಳಿದ್ರಿ."

"ಅವಾಗ ಹೋಲಿಸೋಕೆ ಇನ್ನೊಬ್ಬಳು ಇರ್ಲಿಲ್ವಲ್ಲ," ಅಂದಳು ನನ್ನ ಹೆಂಡತಿ ಅಡುಗೆಮನೆಯಿಂದ.

ಮೊದಲು ಒಂದೊಂದನ್ನೂ ಬಂದೂಕಿನ ಮೇಲೆ ಕೂರಿಸಿ ನೂರು ನೂರು ಗುಂಡು ಹೊಡೆದೆವು. ಎರಡೂ ಜಗ್ಗಾಟ ತಡೆದುಕೊಂಡವು. ಮೇಲಿನ ತಿರುಪನ್ನು ನಲವತ್ತು ಕ್ಲಿಕ್ ಮೇಲಕ್ಕೆ, ಮತ್ತೆ ನಲವತ್ತು ಕೆಳಕ್ಕೆ ತಿರುಗಿಸಿದರೆ ಎರಡೂ ಮೊದಲಿನ ಜಾಗಕ್ಕೇ ಮರಳಿದವು. ಉಳಿದದ್ದು ದೂರ ಓದುವ ಪರೀಕ್ಷೆ. ಮುಖ್ಯವಾದದ್ದೂ ಅದೇ. ಅದಕ್ಕೆ ತಕ್ಕ ಜಾಗ ನನ್ನ ಬಳಿ ಇತ್ತು. ನಮ್ಮ ಕಾರ್ಖಾನೆಯ ತಪಾಸಣೆ ವಿಭಾಗದ ಕಾರಿಡಾರ್ ಐವತ್ತನಾಲ್ಕು ಮೀಟರ್ ಉದ್ದ. ಗಾಳಿಯಿಲ್ಲ, ಬೆಳಕು ಬದಲಾಗುವುದಿಲ್ಲ. ಬೇಸಿಗೆ ಇರಲಿ ಚಳಿಗಾಲ ಇರಲಿ, ಒಳಗೆ ಇಪ್ಪತ್ಮೂರು ಡಿಗ್ರಿ. ಅರ್ಧ ಡಿಗ್ರಿ ಆಚೀಚೆಯಾದರೆ ಗಂಟೆ ಹೊಡೆಯುತ್ತದೆ.

"ಪ್ರಯೋಗಕ್ಕೆ ಇದಕ್ಕಿಂತ ಒಳ್ಳೇ ಜಾಗ ಈ ಊರಲ್ಲೇ ಇಲ್ಲ," ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಈಗ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ನವೆಂಬರ್ 11ರ ಭಾನುವಾರ ಮಧ್ಯಾಹ್ನ, ಮೇಲಧಿಕಾರಿಯ ಅನುಮತಿ ಪಡೆದು, ಅತ್ತೆಯನ್ನು ಕರೆದುಕೊಂಡು ಹೋದೆ. ಕಾರ್ಖಾನೆಯೊಳಗೆ ಬಂದೂಕು ತರುವಂತಿಲ್ಲ. ಸ್ಕೋಪನ್ನು ಒಂದು ಮರದ ದಿಮ್ಮಿಗೆ ಬಿಗಿದಿದ್ದೆ. ಅತ್ತೆ ನೆಲದ ಮೇಲೆ ದಿಂಬು ಹಾಕಿಕೊಂಡು ಕೂತರು. ನಾನು ಒಂದು ತಗಡಿನ ಕಾಗೆಯನ್ನು ಎಂಟು ಬೇರೆ ಬೇರೆ ದೂರಗಳಲ್ಲಿ ಇಡುತ್ತ ಹೋದೆ. ಪ್ರತಿ ದೂರಕ್ಕೂ ಹತ್ತು ಸಲ ಅವರು ಚಕ್ರ ತಿರುಗಿಸಿ ಕಾಗೆಯನ್ನು ಸ್ಪಷ್ಟ ಮಾಡಬೇಕು; ನಾನು ಬರೆದುಕೊಳ್ಳಬೇಕು. ಎರಡು ಸ್ಕೋಪಿಗೆ ಒಟ್ಟು ನೂರ ಅರವತ್ತು ಸಲ. ತೊಂಬತ್ತನೆಯದರ ಹೊತ್ತಿಗೆ ಕಾವಲುಗಾರ ಬಂದು, ಕಾಗೆಯನ್ನೂ ಅತ್ತೆಯನ್ನೂ ನೋಡಿ, "ಸಾರ್, ಅಮ್ಮನವರಿಗೆ ಏನಾದ್ರೂ ಶಿಕ್ಷೆನಾ?" ಅಂತ ಕೇಳಿದ.

"ಹೂಂನಪ್ಪ," ಅಂದರು ಅತ್ತೆ, ಸ್ಕೋಪಿನಿಂದ ಕಣ್ಣು ತೆಗೆಯದೆ. "ಮಗಳನ್ನ ಕೊಟ್ಟಿದ್ದಕ್ಕೆ."

ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆ ಇರಲಿಲ್ಲ. ನಲವತ್ತೈದು ಮೀಟರಿನಲ್ಲಿ ಒನಕೆಯ ಹತ್ತು ಓದುಗಳು ಅರ್ಧ ಮೀಟರಿಗಿಂತ ಚದುರಿರಲಿಲ್ಲ. ಲಟ್ಟಣಿಗೆಯವು ಎರಡು ಮೀಟರಿಗೂ ಹೆಚ್ಚು ಚದುರಿದ್ದವು. ನಾನು ಕೋಷ್ಟಕ ಬರೆದೆ, ನಕ್ಷೆ ಎಳೆದೆ, ರಾತ್ರಿಯೂಟಕ್ಕೆ ಕೂತಾಗ ಮೇಜಿನ ಮೇಲೆ ಹರವಿದೆ.

ಅತ್ತೆ ಕೋಷ್ಟಕದ ಮೇಲೆ ನೀರಿನ ಜಗ್ಗನ್ನು ಇಟ್ಟರು. "ಎಲ್ಲ ಸರಿ. ಆದ್ರೆ ಒನಕೆಯಲ್ಲಿ ನೋಡಿದ್ರೆ ನನಗೆ ಕಾಗೆ ಕಾಣಲ್ಲ. ಅದರ ಮೈಮೇಲೆ ಬಣ್ಣ ಚಕ್ಕೆ ಎದ್ದಿರೋದು ಕಾಣುತ್ತೆ. ಅಷ್ಟು ಹತ್ತಿರದಿಂದ ಯಾರನ್ನ ನೋಡಿದ್ರೂ ಚೆನ್ನಾಗಿ ಕಾಣಲ್ಲ ಅಳಿಯಂದ್ರೇ. ಮತ್ತೆ ನನ್ನ ಎದೆ ಬಡ್ಕೊಳ್ಳೋದೆಲ್ಲ ಅದರಲ್ಲಿ ಕಾಣುತ್ತೆ. ಲಟ್ಟಣಿಗೆ ಪಾಪ, ತಪ್ಪು ಹೇಳಿದ್ರೂ ಅಂಜುತ್ತ ಹೇಳುತ್ತೆ. ಇದು ಏನು ಹೇಳಿದ್ರೂ ಮೇಷ್ಟ್ರ ಥರ ಹೇಳುತ್ತೆ."

"ಮೇಷ್ಟ್ರು ಹೇಳೋದು ಸರಿ ಇದ್ರೆ ಏನು ತೊಂದ್ರೆ?"

"ಸರಿ ಇದ್ರೆ," ಅಂದರು ಅತ್ತೆ. ಆದರೆ ಕೊನೆಗೆ ಕೋಷ್ಟಕಕ್ಕೆ ತಲೆಬಾಗಿದರು. ಹೊಟ್ಟೆಪಾಡಿಗೆ ಗಡಿಯಾರ ಬಿಚ್ಚುವವರಿಗೆ ಅಂಕಿಗಳ ಮೇಲೆ ಗೌರವ ಇದ್ದೇ ಇರುತ್ತದೆ. ನಾನು ಕಾರಿಡಾರಿನಲ್ಲಿ ಬಂದ ಅಂಕಿಗಳನ್ನು ಸಣ್ಣಕ್ಷರದಲ್ಲಿ ಕಾಗದದ ಪಟ್ಟಿಗೆ ಇಳಿಸಿ, ಒನಕೆಯ ಚಕ್ರದ ಸುತ್ತ ಸುಕ್ಕಿಲ್ಲದಂತೆ ಅಂಟಿಸಿದೆ. ಮರುವಾರ ಮಧ್ಯಾಹ್ನದ ಹೂಬಿಸಿಲಿನಲ್ಲಿ ಕಲ್ಲುಗಣಿಯಲ್ಲಿ ಅಭ್ಯಾಸ ಮಾಡಿದಾಗ ಅತ್ತೆ ನಲವತ್ತರಲ್ಲಿ ಮೂವತ್ತಾರು ಉರುಳಿಸಿದರು. ಮಾವ ಹೆಚ್ಚಿನ ದಿಂಬನ್ನು ಬೀರುವಿನೊಳಕ್ಕೆ ಇಟ್ಟರು.

ಗುರುವಾರ ಗಾಳಿ ದಿಕ್ಕು ಬದಲಿಸಿತು. ಭಾನುವಾರ, ನವೆಂಬರ್ 25ರ ಬೆಳಿಗ್ಗೆ, ಕಲ್ಲುಗಣಿಯ ಹುಲ್ಲಿನ ಮೇಲೆ ಬಿಳಿ ಪುಡಿ ಚೆಲ್ಲಿದ ಹಾಗೆ ಮಂಜು ಕೂತಿತ್ತು. ಮಾವ ಟೋಪಿ, ಮಫ್ಲರು, ಕೋಟು, ಅದರೊಳಗೆ ಎರಡು ಸ್ವೆಟರು ಹಾಕಿಕೊಂಡು ಬಂದಿದ್ದರು. ಎರಡು ಕಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಇಪ್ಪತ್ತು ಲೇನ್, ಒಂದೊಂದು ಲೇನಿನಲ್ಲಿ ಎರಡೆರಡು ಕಾಗೆ. ಇಬ್ಬಿಬ್ಬರು ಜೊತೆಯಾಗಿ ಒಂದು ಲೇನಿನಿಂದ ಇನ್ನೊಂದಕ್ಕೆ ಹೋಗುತ್ತಾರೆ; ಒಬ್ಬರು ಹೊಡೆಯುವಾಗ ಇನ್ನೊಬ್ಬರು ಅಂಕ ಬರೆಯುತ್ತಾರೆ. ಅತ್ತೆಗೆ ಜೊತೆಯಾಗಿದ್ದವರು ಹಲ್ಲಿನ ಡಾಕ್ಟರು. ಮಾವ ತಮ್ಮ ಜೊತೆಗಾರನೊಂದಿಗೆ ಒಂದು ಲೇನ್ ಮುಂದೆ ಇದ್ದರು. ನೋಡುವವರಾದ ನಾನು ಮತ್ತು ನನ್ನ ಹೆಂಡತಿ ಹಗ್ಗದ ಈಚೆ ನಡೆದುಕೊಂಡು ಬರಬಹುದು, ಆದರೆ ಬಾಯಿಗೆ ಬೀಗ. ಹೊಡೆಯುವವರಿಗೆ ದೂರವನ್ನಾಗಲಿ ಗಾಳಿಯನ್ನಾಗಲಿ ಯಾರಾದರೂ ಹೇಳಿಕೊಟ್ಟರೆ ಆ ಲೇನಿನ ಅಂಕ ಹೋಗುತ್ತದೆ.

ಮೊದಲ ಲೇನಿನಲ್ಲಿ ಹತ್ತಿರದ ಕಾಗೆ ಬಿತ್ತು. ದೂರದ್ದು ನಿಂತಿತು. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲೂ. ದೂರದ ಕಾಗೆಗಳ ಮೇಲೆ ಬೂದು ಚುಕ್ಕೆ ತೂತಿನ ಕೆಳಗೆ ಬಿದ್ದಿತ್ತು, ಪ್ರತಿ ಸಲವೂ ಬಹುತೇಕ ಅದೇ ಜಾಗದಲ್ಲಿ.

ನಾಲ್ಕನೆಯ ಲೇನಿನ ಹತ್ತಿರ ನನಗೆ ಕೈ ಸೆಟೆದಂತಾಯಿತು. ಜೇಬಿನಲ್ಲಿ ಕೈ ಇಟ್ಟುಕೊಂಡೆ. ಅಲ್ಲಿ ಯಾವಾಗಲೂ ಇರುವ ಪುಟ್ಟ ಥರ್ಮಾಮೀಟರು ಬೆರಳಿಗೆ ತಾಕಿತು. ಹೊರತೆಗೆದು ಸ್ವಲ್ಪ ಹೊತ್ತು ಗಾಳಿಗೆ ಹಿಡಿದು ನೋಡಿದೆ. ನಾಲ್ಕು ಡಿಗ್ರಿ.

ನಾಲ್ಕು. ಪಟ್ಟಿ ಬರೆದದ್ದು ಇಪ್ಪತ್ಮೂರರಲ್ಲಿ. ಹತ್ತೊಂಬತ್ತು ಡಿಗ್ರಿ ಇಳಿದರೆ ಸ್ಕೋಪಿನ ಲೋಹದ ಕೊಳವೆ ಕುಗ್ಗುತ್ತದೆ, ಗಾಜುಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ, ಕಾಗೆ ಬೇರೆ ಜಾಗದಲ್ಲಿ ಸ್ಪಷ್ಟವಾಗುತ್ತದೆ. ಹತ್ತಿರದಲ್ಲಿ ಆ ವ್ಯತ್ಯಾಸ ಲೆಕ್ಕಕ್ಕಿಲ್ಲ, ದೂರ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ನಲವತ್ತೈದು ಮೀಟರಿನ ಕಾಗೆಯನ್ನು ಅತ್ತೆಯ ಪಟ್ಟಿ ನಲವತ್ತು ಎಂದು ಓದುತ್ತಿದ್ದಿರಬೇಕು. ಹಾಗಾದರೆ ಗುಂಡು ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಬಡಿಯುತ್ತದೆ. ತೂತಿನ ಅಂಚು ಇರುವುದೂ ಸರಿಯಾಗಿ ಅಲ್ಲೇ.

"ಯಾಕ್ರೀ, ಮುಖ ಹೀಗಾಯ್ತು?" ಅಂದಳು ಹೆಂಡತಿ, ಪಿಸುದನಿಯಲ್ಲಿ.

ಹೇಳಿದೆ. ಅವಳು ಕೇಳಿಸಿಕೊಂಡು, ಥರ್ಮಾಮೀಟರನ್ನು ನೋಡಿದಳು, ನನ್ನನ್ನು ನೋಡಿದಳು. ನಗು ತಡೆಯಲು ಶಾಲನ್ನು ಬಾಯಿಗೆ ಒತ್ತಿಕೊಂಡಳು.

"ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇವತ್ತು ನೋಡ್ದೆ. ಜೇಬಲ್ಲಿ ಥರ್ಮಾಮೀಟರ್ ಇಟ್ಕೊಂಡು!"

"ನಗಬೇಡ. ಮುಂದಿನ ದೂರದ ಕಾಗೆಗಳೆಲ್ಲ ಹೋಗುತ್ತೆ."

"ಹೋಗಿ ಹೇಳಿ ಮತ್ತೆ."

"ಹೇಳೋ ಹಾಗಿಲ್ಲ."

ಆಮೇಲೆ ಅವಳೂ ನಗಲಿಲ್ಲ. ಎಂಟು ಲೇನ್ ಮುಗಿಯುವ ಹೊತ್ತಿಗೆ ಅತ್ತೆ ಉರುಳಿಸಿದ್ದು ಎಂಟು ಕಾಗೆ, ನಿಂತದ್ದು ಎಂಟು. ಉಳಿದದ್ದು ಇಪ್ಪತ್ನಾಲ್ಕು. ಒಂದನೇ ದರ್ಜೆ ಉಳಿಯಬೇಕಾದರೆ ಅದರಲ್ಲಿ ಇಪ್ಪತ್ತೆರಡು ಬೀಳಲೇಬೇಕು. ಮುಂದಿನ ಲೇನಿನಿಂದ ಮಾವ ತಿರುಗಿ ನೋಡುತ್ತಿದ್ದರು. ಆದರೆ ಬಾ ಎಂದು ಕರೆಯಲಿಲ್ಲ, ದಿಂಬಿನ ಮಾತು ಎತ್ತಲಿಲ್ಲ.

ಒಂಬತ್ತನೆಯ ಲೇನಿನಲ್ಲಿ ಅತ್ತೆ ದಿಂಬಿನ ಮೇಲೆ ಕೂತರು, ಬಂದೂಕು ಎತ್ತಲಿಲ್ಲ. ಹಿಂದಿನ ಲೇನಿನ ಕಾಗೆಯ ಕಡೆ ಬಹಳ ಹೊತ್ತು ನೋಡಿದರು.

"ಡಾಕ್ಟ್ರೇ," ಅಂದರು, "ನಿಮ್ಮ ಹತ್ರ ಬರೋ ಹಲ್ಲು ಒಂದೊಂದು ದಿನ ಒಂದೊಂದು ಕಡೆ ನೋಯುತ್ತೋ, ಅಥವಾ ದಿನಾ ಅದೇ ಹಲ್ಲೋ?"

"ನಾನು ಏನೂ ಹೇಳೋ ಹಾಗಿಲ್ಲಮ್ಮ," ಅಂದರು ಡಾಕ್ಟರು. "ಅಂಕ ಹೋಗುತ್ತೆ."

"ಹಲ್ಲಿನ ವಿಷಯಕ್ಕೂ?"

"ಇವತ್ತಿಗೆ ಹಲ್ಲಿನ ವಿಷಯಕ್ಕೂ."

"ಹಾಗಾದ್ರೆ ನಾನೇ ಹೇಳ್ತೀನಿ. ನನ್ನ ಅಂಗಡಿಗೆ ಬರೋ ಗಡಿಯಾರ ಒಂದಿನ ಮುಂದೆ ಒಂದಿನ ಹಿಂದೆ ಓಡಿದ್ರೆ ಅದು ಕೆಟ್ಟಿದೆ. ದಿನಾ ಐದೇ ನಿಮಿಷ ಹಿಂದೆ ಅಂದ್ರೆ ಅದು ಕೆಟ್ಟಿಲ್ಲ. ಅದಕ್ಕೆ ಎಲ್ಲೋ ಬಿಸಿ ಆಗಿದೆ, ಇಲ್ಲ ಚಳಿ ಆಗಿದೆ." ಹಾಗೆನ್ನುತ್ತ ಅತ್ತೆ ತಿರುಗಿ ಹಗ್ಗದ ಈಚೆ ನಿಂತ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಇನ್ನೂ ಥರ್ಮಾಮೀಟರು ಇತ್ತು. ನಾನದನ್ನು ಅವಸರದಲ್ಲಿ ಜೇಬಿಗೆ ಸೇರಿಸಿದೆ, ಮಾವಿನಕಾಯಿ ಕದ್ದು ಸಿಕ್ಕಿಬಿದ್ದ ಹುಡುಗನ ಹಾಗೆ.

"ಪಾಪ, ನಮ್ಮ ಅಳಿಯಂದ್ರಿಗೆ ತುಂಬ ಚಳಿ ಆಗ್ತಿದೆ ಅನ್ಸುತ್ತೆ," ಅಂದರು ಅತ್ತೆ.

"ಅಮ್ಮ, ಮುಖ ನೋಡೋದೂ ತಪ್ಪಾಗುತ್ತೇನೋ," ಅಂದರು ಡಾಕ್ಟರು.

"ಅಳಿಯನ ಮುಖ ನೋಡಬಾರದು ಅಂತ ಯಾವ ನಿಯಮದಲ್ಲಿದೆ? ಬರ್ಕೊಳ್ಳಿ ನೀವು."

ಆ ಲೇನಿನ ದೂರದ ಕಾಗೆಗೆ ಚಕ್ರ ನಲವತ್ತೆಂದು ತೋರಿಸಿತು. ಹಿಂದಿನ ಚುಕ್ಕೆಗಳು ಎಷ್ಟು ಕೆಳಗೆ ಬಿದ್ದಿದ್ದವೋ ಅದನ್ನು ಲೆಕ್ಕ ಹಿಡಿದು ಅತ್ತೆ ನಲವತ್ತೈದರ ಕ್ಲಿಕ್ ಹಾಕಿ ಹೊಡೆದರು. ಕಾಗೆ ಮಗುಚಿತು. ಡಾಕ್ಟರು ಬರೆದುಕೊಂಡರು.

ಅಲ್ಲಿಂದ ಹದಿನಾರನೆಯ ಲೇನಿನವರೆಗೆ ಹದಿನಾರು ಕಾಗೆಗಳಲ್ಲಿ ಹದಿನೈದು ಬಿದ್ದವು. ನಿಂತ ಒಂದು ಹನ್ನೆರಡನೆಯ ಲೇನಿನದು. ಅದಕ್ಕೆ ಅತ್ತೆ ಸ್ಕೋಪನ್ನು ದೂರಲಿಲ್ಲ. "ಇದು ನನ್ನ ಬೆರಳಿಂದು," ಅಂದರು. ಹಾಗಾಗಿ ಮುಂದೆ ಬಿಡಬಹುದಾದದ್ದು ಒಂದೇ ಒಂದು. ಹದಿನೇಳನೆಯ ಲೇನಿನಲ್ಲಿ ಅದೂ ಹೋಯಿತು. ಆ ಕಾಗೆಯ ತೂತು ಚಿಕ್ಕದು, ಬೂದು ಚುಕ್ಕೆ ಬಿದ್ದದ್ದು ತೂತಿನ ಮೇಲಂಚಿನಲ್ಲಿ. ಅಷ್ಟು ಹೊತ್ತೂ ಕೆಳಗೆ ಹೋಗುತ್ತಿದ್ದ ಗುಂಡು ಈಗ ಮೇಲೆ ಹೋಗಿತ್ತು.

ನನಗೆ ಕಾರಣ ಗೊತ್ತಿತ್ತು. ಬಿಸಿಲು ಏರಿತ್ತು. ಅತ್ತೆಗೆ ಕಾಣದ ಹಾಗೆ ಸ್ವಲ್ಪ ಹಿಂದೆ ಸರಿದು, ಮರದ ಮರೆಗೆ ನಿಂತು ಥರ್ಮಾಮೀಟರು ನೋಡಿದೆ: ಎಂಟು ಡಿಗ್ರಿ ದಾಟಿತ್ತು. ಬೆಳಿಗ್ಗೆ ಐದು ಮೀಟರ್ ತಪ್ಪುತ್ತಿದ್ದ ಪಟ್ಟಿ ಈಗ ನಾಲ್ಕರ ಹತ್ತಿರ ತಪ್ಪುತ್ತಿದೆ. ಇದನ್ನು ಅತ್ತೆಗೆ ತಿಳಿಸುವ ದಾರಿಯೇ ಇರಲಿಲ್ಲ. ಮೈಯೆಲ್ಲ ಬಟ್ಟೆ ಸುತ್ತಿಕೊಂಡು ನೆಲದ ಮೇಲೆ ಕೂತು ಗುರಿ ನೋಡುವವರಿಗೆ ನಾಲ್ಕು ಡಿಗ್ರಿಗೂ ಎಂಟು ಡಿಗ್ರಿಗೂ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು? ಉಳಿದದ್ದು ಮೂರು ಲೇನ್, ಆರು ಕಾಗೆ. ಆರೂ ಬೀಳಬೇಕು.

ಅತ್ತೆ ಎದ್ದು ಮುಂದಿನ ಲೇನಿಗೆ ಹೋದರು. ಕೂತರು. ಬಂದೂಕನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಮುಂದೆ ನೋಡಿದರು. ಕಾಗೆಯನ್ನಲ್ಲ, ಹತ್ತೊಂಬತ್ತನೆಯ ಲೇನಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಮಾವನನ್ನು.

"ಡಾಕ್ಟ್ರೇ, ನಮ್ಮೋರ ಕುತ್ತಿಗೆ ಕಾಣ್ತಿದೆ ನೋಡಿ," ಅಂದರು.

"ಕಾಣ್ತಿದೆ. ಅದಕ್ಕೇನು?"

"ಬೆಳಿಗ್ಗೆ ಕಾಣ್ತಿರ್ಲಿಲ್ಲ. ಮಫ್ಲರ್ ಯಾವಾಗ ತೆಗೆದ್ರೋ."

ನನ್ನ ಹೆಂಡತಿ ನನ್ನ ತೋಳು ಚಿವುಟಿದಳು. "ಅಪ್ಪ ಎಂಟು ಡಿಗ್ರಿ ಆಗೋವರೆಗೂ ಮಫ್ಲರ್ ತೆಗೆಯಲ್ಲ," ಅಂದಳು ಉಸಿರಿನಲ್ಲೇ. "ಮನೇಲಿ ಎಲ್ಲರಿಗೂ ಗೊತ್ತು. ಎಂಟಕ್ಕೆ ಮಫ್ಲರು, ಹತ್ತು ಆಗೋ ಹೊತ್ತಿಗೆ ಕೋಟಿನ ಗುಂಡಿ, ಹನ್ನೆರಡಕ್ಕೆ ಮೇಲಿನ ಸ್ವೆಟರು. ಚಿಕ್ಕಂದಿನಲ್ಲಿ ನಾವು ಶಾಲೆಗೆ ಏನು ಹಾಕ್ಕೊಂಡು ಹೋಗೋದು ಅಂತ ಅಪ್ಪನ್ನ ನೋಡೇ ತೀರ್ಮಾನ ಮಾಡ್ತಿದ್ವಿ."

ನಾನು ಥರ್ಮಾಮೀಟರನ್ನು ಜೇಬಿನ ತಳಕ್ಕೆ ತಳ್ಳಿದೆ.

ಹದಿನೆಂಟನೆಯ ಲೇನಿನ ಎರಡೂ ಕಾಗೆ ಬಿದ್ದವು. ಹತ್ತೊಂಬತ್ತರಲ್ಲಿ ಹತ್ತಿರದ್ದು ಬಿತ್ತು. ದೂರದ್ದಕ್ಕೆ ಮೊದಲು ಅತ್ತೆ ಮತ್ತೆ ತಲೆಯೆತ್ತಿದರು. ಇಪ್ಪತ್ತನೆಯ ಲೇನಿನಲ್ಲಿ ಮಾವ ತಮ್ಮ ಕೊನೆಯ ಕಾಗೆಯನ್ನು ತಪ್ಪಿಸಿ, "ಥತ್!" ಎಂದು ಎದ್ದು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಅತ್ತೆ ಆ ಗುಂಡಿಗಳನ್ನು ಎಣಿಸುವವರಂತೆ ನೋಡಿ, ಮೇಲಿನ ತಿರುಪನ್ನು ಎರಡು ಕ್ಲಿಕ್ ಹಿಂದಕ್ಕೆ ತಂದರು. ಕಾಗೆ ಬಿತ್ತು.

ಕೊನೆಯ ಲೇನ್. ಹತ್ತಿರದ್ದು ಬಿತ್ತು. ಇಪ್ಪತ್ತೊಂಬತ್ತು.

ಉಳಿದ ಕಾಗೆ ಕಲ್ಲುಗಣಿಯ ಆ ಬದಿಯ ಗೋಡೆಗೆ ಒತ್ತಿ ನಿಂತಿತ್ತು. ಆ ದಿನದ ಅತ್ಯಂತ ದೂರದ್ದು ಅದೇ ಎಂದು ಬರಿಗಣ್ಣಿಗೂ ಗೊತ್ತಾಗುತ್ತಿತ್ತು. ಅತ್ತೆ ಚಕ್ರವನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ತಿರುಗಿಸಿ ನಿಲ್ಲಿಸಿದರು. ಇನ್ನೊಮ್ಮೆ ಹಾಗೇ ಮಾಡಿದರು. ಪಟ್ಟಿ ನೋಡಿದರು.

"ನಲವತ್ನಾಲ್ಕೂವರೆ ಅನ್ನುತ್ತೆ ಮೇಷ್ಟ್ರು," ಅಂದರು. "ನಾನು ನಲವತ್ತೆಂಟೂವರೆ ಅಂತೀನಿ. ಡಾಕ್ಟ್ರೇ, ಅಂಚಿನಲ್ಲಿ ಬರ್ದಿಟ್ಕೊಳ್ಳಿ."

"ಅಮ್ಮ, ನಾನು ಹೂಂ ಅನ್ನೋ ಹಾಗಿಲ್ಲ, ಊಹೂಂ ಅನ್ನೋ ಹಾಗಿಲ್ಲ."

"ಅನ್ನಿ ಅಂತ ಯಾರು ಕೇಳಿದ್ರು? ಬರೀರಿ ಅಂದೆ."

ಡಾಕ್ಟರು ಬರೆದರು. ಅತ್ತೆ ಕೆನ್ನೆಯನ್ನು ಬಂದೂಕಿನ ಮರದ ಹಿಡಿಗೆ ಒರಗಿಸಿದರು. ಮಾವ ಕೋಟು ತೆರೆದುಕೊಂಡು ಹಗ್ಗದ ಹತ್ತಿರ ಬಂದು ನಿಂತಿದ್ದರು. ಎಷ್ಟು ಬೇಕೆಂದು ಅವರಿಗೂ ಗೊತ್ತಿತ್ತು. ನನ್ನ ಹೆಂಡತಿ ನನ್ನ ತೋಳನ್ನು ಬಿಟ್ಟಿರಲಿಲ್ಲ. ಬಂದೂಕು ಹಿಂದಕ್ಕೆ ಸರಿದು ಮುಂದಕ್ಕೆ ಜಗ್ಗಿತು. ಟಪ್ ಎಂಬ ಸದ್ದು ಗೋಡೆಗೆ ಬಡಿದು ನಮ್ಮ ಕಿವಿಗೆ ಬರುವ ಮೊದಲೇ ಕಾಗೆ ಹಿಂದಕ್ಕೆ ಮಗುಚಿಕೊಂಡಿತ್ತು.

ಅತ್ತೆ ಗಡಿಯಾರ ನೋಡಿದರು. "ಹನ್ನೊಂದು ಐವತ್ತೆರಡು," ಅಂದರು. ಆಮೇಲೆ ನಕ್ಕರು.

ಮಾವ ಹಗ್ಗದ ಕೆಳಗಿನಿಂದ ನುಸುಳಿ ಹೋಗಿ ಕೈಕೊಟ್ಟು ಅವರನ್ನು ಎಬ್ಬಿಸಿದರು. "ಹೋಗ್ಲಿ ಬಿಡೇ, ಬೇಜಾರು ಮಾಡ್ಕೋಬೇಡ," ಅಂದರು. "ಮುಂದಿನ ವರ್ಷ ಬರುವಿಯಂತೆ ನಮ್ಮ ಕಡೆ."

"ನಿಮ್ದೆಷ್ಟಾಯ್ತು?"

"ಹತ್ತೊಂಬತ್ತು. ಹೋದ ವರ್ಷಕ್ಕಿಂತ ಒಂದು ಜಾಸ್ತಿ."

"ನನಗೆ ಆರು ಕೊಡಿಸಿದ್ರಿ ನೀವು. ಮಫ್ಲರಿನಿಂದ." ಅತ್ತೆ ವಿಷಯ ಹೇಳಿದರು. ಮಾವ ಬಾಯಿ ತೆರೆದು ಕೇಳಿದರು. ಕುತ್ತಿಗೆ ಮುಟ್ಟಿ ನೋಡಿಕೊಂಡರು. ಮುಖದ ತುಂಬ ಹಿಗ್ಗು.

"ಹಾಗಾದ್ರೆ ಆ ಆರು ನನ್ನ ಲೆಕ್ಕಕ್ಕೆ ಬರಬೇಕು. ಇಪ್ಪತ್ತೈದು ಆಗುತ್ತೆ!"

"ಹೆಂಡತಿಗೆ ಹೇಳಿಕೊಟ್ಟಿದ್ದಕ್ಕೆ ಎರಡೂ ಕಡೆ ಅಂಕ ಹೋಗುತ್ತೆ ಸಾರ್," ಅಂದರು ಡಾಕ್ಟರು. "ಸುಮ್ನಿದ್ದುಬಿಡಿ. ಮಫ್ಲರ್ ತೆಗೆಯೋದು ನಿಮ್ಮ ಸ್ವಂತ ವಿಷಯ."

ಅಲ್ಲಿಯವರೆಗೆ ನಾನು ಸ್ವಲ್ಪ ದೂರವೇ ನಿಂತಿದ್ದೆ. ಈಗ ಹತ್ತಿರ ಹೋಗಿ, "ತಪ್ಪು ನಂದು ಅತ್ತೆ," ಅಂದೆ. "ನಾನು ದಿನವಿಡೀ ಮಾಡೋದೇ ಡಿಗ್ರಿ ಅಳೆಯೋ ಕೆಲಸ. ಅದನ್ನೊಂದೇ ಮರೆತೆ."

"ಮರೆತಿದ್ದಲ್ಲ," ಅಂದರು ಅತ್ತೆ. ಈ ಸಲ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಅದು ಬದಲಾಗಬಾರದು ಅಂತ ಅಷ್ಟು ಒಳ್ಳೇ ಜಾಗಕ್ಕೆ ಕರ್ಕೊಂಡು ಹೋದ್ರಿ. ಬದಲಾಗದೇ ಇರೋದನ್ನ ಯಾರು ತಾನೇ ಬರ್ಕೋತಾರೆ?"

ಲಟ್ಟಣಿಗೆ ಚಳಿಯಲ್ಲಿ ಹೇಗೆ ನಡೆದುಕೊಳ್ಳುತ್ತಿತ್ತೋ ನನಗೆ ಗೊತ್ತಿಲ್ಲ, ಅಳೆದಿಲ್ಲ.

"ಮತ್ತೆ ಯಾವುದನ್ನ ಇಟ್ಕೋತೀಯಮ್ಮ?" ಅಂತ ಕೇಳಿದಳು ನನ್ನ ಹೆಂಡತಿ. "ನಾಳೆ ಒಂದನ್ನ ವಾಪಸ್ ಕೊಡ್ಬೇಕು."

ಅತ್ತೆ ಒನಕೆಯ ಮೇಲೆ ಕೂತ ಹನಿಗಳನ್ನು ಮೆತ್ತನೆ ಬಟ್ಟೆಯಿಂದ ಒರೆಸಿದರು. "ಸುಳ್ಳು ಹೇಳೋದು ದೊಡ್ಡ ವಿಷಯ ಅಲ್ಲ. ಎಷ್ಟು ಹೇಳುತ್ತೆ ಅಂತ ನನಗೆ ಗೊತ್ತಾಗಿದ್ರೆ ಇಟ್ಕೋತೀನಿ. ನಿಮ್ಮಪ್ಪನ್ನ ಇಟ್ಕೊಂಡಿಲ್ವಾ?" ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯಂದ್ರೇ, ಕ್ಲಬ್ಬಿನ ಉಕ್ಕಿನ ಅಳತೆಪಟ್ಟಿ ತಗೊಂಡು ಆ ಕೊನೇ ಕಾಗೆವರೆಗೆ ಅಳೆದು ಬನ್ನಿ. ನಾನು ಹೇಳಿದ್ದಕ್ಕೂ ಆ ಅಳತೆಗೂ ಅರ್ಧ ಮೀಟರಿನೊಳಗೆ ವ್ಯತ್ಯಾಸ ಇದ್ರೆ ಒನಕೆ ಮನೆಗೆ. ಹೆಚ್ಚಿದ್ರೆ ಇವತ್ತು ಬಿದ್ದಿದ್ದು ಅದೃಷ್ಟ, ಲಟ್ಟಣಿಗೆ ಮನೆಗೆ."

ನಾನು ಅಳೆದೆ. ಮಾವ ಈ ತುದಿಯಲ್ಲಿ ದಿಂಬಿನ ಪಕ್ಕ ಪಟ್ಟಿಯ ಕೊನೆಯನ್ನು ಹಿಡಿದು ಕೂತರು. ನಾನು ಇನ್ನೊಂದು ತುದಿಯನ್ನು ಕಾಗೆಯ ಎದೆಗೆ ಒತ್ತಿದೆ. 48 ಮೀಟರ್ 620 ಮಿಲಿಮೀಟರ್. ಬರೆದುಕೊಳ್ಳುವ ಮೊದಲು, ಈ ಸಲ ಮರೆಯದೆ, ಜೇಬಿನ ಥರ್ಮಾಮೀಟರನ್ನು ತೆಗೆದು ನೋಡಿದೆ: 9.7 ಡಿಗ್ರಿ. ಉಕ್ಕಿನ ಪಟ್ಟಿಗೆ ಗುರುತು ಹಾಕಿರುವುದು 20 ಡಿಗ್ರಿಯಲ್ಲಿ. ಚಳಿಗೆ ಪಟ್ಟಿ ಕುಗ್ಗಿರುತ್ತದೆ; ಕುಗ್ಗಿದ ಪಟ್ಟಿ ದೂರವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದಕ್ಕೆ ಆರು ಮಿಲಿಮೀಟರ್ ಕಳೆದೆ.

"ಎಷ್ಟು?" ಎಂದು ಅತ್ತೆ ಅಲ್ಲಿಂದಲೇ ಕೂಗಿದರು.

48.614 ಮೀಟರ್.